ಕಾರಿನ ಬ್ಯಾಟರಿಗೆ ಮನೆಯಲ್ಲೇ ಚಾರ್ಜರ್ ಹಾಕುವವರು ಸ್ವಲ್ಪ ಹೇಳ್ತೀರಾ?

ಕಾರು ವಾರಗಟ್ಟಲೆ ನಿಂತೇ ಇರುತ್ತದೆ, ಬ್ಯಾಟರಿ ಇಳಿದುಹೋಗುತ್ತದೆ. ಒಂದು ಚಾರ್ಜರ್ ತಂದಿದ್ದೇನೆ, ಆದರೆ ಕಿಡಿ ಹಾರಿ ಬ್ಯಾಟರಿ ಸಿಡಿಯಬಹುದು ಅಂತ ಯಾರೋ ಹೆದರಿಸಿದ್ದಾರೆ. ಬ್ಯಾಟರಿ ಬಿಚ್ಚಲೇಬೇಕಾ? ರಾತ್ರಿಯಿಡೀ ಬಿಡಬಹುದಾ?

ಉತ್ತರ
ಹೆದರಿಸಿದವರು ಸುಳ್ಳು ಹೇಳಿಲ್ಲ. ಚಾರ್ಜ್ ತುಂಬುತ್ತಾ ಬಂದಂತೆ ಬ್ಯಾಟರಿಯಿಂದ ಹೈಡ್ರೋಜನ್ ಹೊರಗೆ ಬರುತ್ತದೆ. ಗಾಳಿಯಲ್ಲಿ ಅದು ಶೇ. 4ರಷ್ಟು ಸೇರಿದರೂ ಸಾಕು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬಾನೆಟ್ ತೆರೆದಿಡಿ, ಗಾಳಿ ಆಡುವ ಜಾಗ ನೋಡಿ, ಹತ್ತಿರ ಬೀಡಿ ಸಿಗರೇಟು ಬೇಡ.

ಇನ್ನು ಕ್ರಮ. ಗೋಡೆಯ ಸ್ವಿಚ್ ಆಫ್ ಇರುವಾಗಲೇ ಕೆಂಪು ಕ್ಲಿಪ್ಪನ್ನು ಪ್ಲಸ್‌ಗೆ ಹಾಕಿ. ಆಮೇಲೆ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಬಣ್ಣವಿಲ್ಲದ ಗಟ್ಟಿ ಲೋಹದ ಭಾಗಕ್ಕೆ ಹಾಕಿ. ಪೆಟ್ರೋಲ್ ಪೈಪಿನ ಹತ್ತಿರ ಮಾತ್ರ ಬೇಡ. ಸ್ವಿಚ್ ಕೊನೆಗೆ. ತೆಗೆಯುವಾಗ ಉಲ್ಟಾ: ಮೊದಲು ಸ್ವಿಚ್, ಆಮೇಲೆ ಕಪ್ಪು, ಕೊನೆಗೆ ಕೆಂಪು. ಚಾರ್ಜರ್ ಓಡುತ್ತಿರುವಾಗ ಕ್ಲಿಪ್ ಕೀಳಬೇಡಿ. ಗ್ಯಾಸ್ ಜಾಸ್ತಿ ಇರುವುದೇ ಆಗ.

ಇನ್ನೊಬ್ಬರು
ಬಿಚ್ಚುವ ವಿಷಯ ನಾನು ಹೇಳ್ತೀನಿ. ನಾನಂತೂ ಕಾರಿನಲ್ಲೇ ಇಟ್ಟು ಚಾರ್ಜ್ ಮಾಡುತ್ತೇನೆ, ಹೆಚ್ಚಿನ ಕಾರುಗಳಲ್ಲಿ ಇದು ನಡೆಯುತ್ತದೆ. ಆದರೂ ಕಾರಿನ ಕೈಪಿಡಿ ಒಮ್ಮೆ ನೋಡಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಕಾರುಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಸೆನ್ಸರ್ ಇರುವುದುಂಟು. ಅಲ್ಲಿ ಕಪ್ಪು ಕ್ಲಿಪ್ ಬಾಡಿಗೇ ಹಾಕಬೇಕು, ಇಲ್ಲದಿದ್ದರೆ ಎಷ್ಟು ಚಾರ್ಜ್ ಹೋಯಿತು ಅನ್ನುವ ಲೆಕ್ಕ ಕಾರಿಗೆ ಸಿಗುವುದಿಲ್ಲ. ಚಾರ್ಜರ್‌ನಲ್ಲಿ ‘ರಿಪೇರಿ’ ಮೋಡ್ ಇದ್ದರೆ ಅದನ್ನು ಕಾರಿನಲ್ಲಿಟ್ಟು ಒತ್ತಬೇಡಿ. ಕೆಲವು ಚಾರ್ಜರ್‌ಗಳು ಆಗ 15 ವೋಲ್ಟ್ ದಾಟುತ್ತವೆ, ಎಲೆಕ್ಟ್ರಾನಿಕ್ಸ್‌ಗೆ ಅದು ಒಳ್ಳೆಯದಲ್ಲ.

ಬಿಚ್ಚಲೇಬೇಕಾದರೆ ಮೊದಲು ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಉಂಗುರ, ವಾಚು ತೆಗೆದಿಟ್ಟೇ ಕೈ ಹಾಕಿ.

ಮತ್ತೊಬ್ಬರು
ರಾತ್ರಿಯಿಡೀ ಬಿಡುವುದು ನಿಮ್ಮ ಚಾರ್ಜರ್ ಎಂಥದ್ದು ಅನ್ನುವುದರ ಮೇಲೆ. ತುಂಬಿದ ಮೇಲೆ ತಾನೇ ವೋಲ್ಟೇಜ್ ಇಳಿಸುವ ಸ್ಮಾರ್ಟ್ ಚಾರ್ಜರ್ ಆದರೆ ಸರಿ. ಹಳೇ ಕಾಲದ ಭಾರದ ಟ್ರಾನ್ಸ್‌ಫಾರ್ಮರ್ ಡಬ್ಬ ಆದರೆ ಬೇಡ, ಅದಕ್ಕೆ ನಿಲ್ಲಿಸುವುದು ಗೊತ್ತಿಲ್ಲ. ಮೊದಲ ಸಲ ಹಗಲಲ್ಲೇ ಹಾಕಿ, ಆಗಾಗ ಬ್ಯಾಟರಿ ಮುಟ್ಟಿ ನೋಡಿ. ಬೆಚ್ಚಗಾದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ, ಉಬ್ಬಿದ ಪಕ್ಕೆ, ಕೊಳೆತ ಮೊಟ್ಟೆಯ ವಾಸನೆ, ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆರಿಸಿ ದೂರ ಬನ್ನಿ. ತಣ್ಣಗಾಗುವ ತನಕ ಮುಟ್ಟಬೇಡಿ.

ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ ತುಂಬಿಸಿ. ಮೊದಲೇ ತುಂಬಿದರೆ ಉಕ್ಕಿ ಆಸಿಡ್ ಹೊರಗೆ ಚೆಲ್ಲುತ್ತದೆ. ಪ್ಲೇಟು ಒಣಗಿ ಕಾಣುತ್ತಿದ್ದರೆ ಮಾತ್ರ ಮೊದಲು ಮುಳುಗುವಷ್ಟು ಹಾಕಿ. ಕಣ್ಣಿಗೆ ಕನ್ನಡಕ ಇರಲಿ. ಆಸಿಡ್ ಕಣ್ಣಿಗೆ ಹಾರಿದರೆ ತುಂಬಾ ಹೊತ್ತು ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ನನ್ನದು ಸ್ಮಾರ್ಟ್ ಚಾರ್ಜರ್ರೇ. ಬ್ಯಾಟರಿ 45 ಆಂಪಿಯರ್ ಅವರ್, ಮೀಟರ್‌ನಲ್ಲಿ 12.1 ವೋಲ್ಟ್ ತೋರಿಸುತ್ತಿದೆ. ಎಷ್ಟರಲ್ಲಿ ಇಡಲಿ?

ಮೊದಲು ಉತ್ತರಿಸಿದವರು
ಅರ್ಧಕ್ಕಿಂತ ಕೆಳಗಿದೆ. 4 ಆಂಪಿಯರ್‌ನಲ್ಲಿ ಇಡಿ. ಬ್ಯಾಟರಿ ಮೇಲೆ ಬರೆದ ಅಂಕಿಯ ಹತ್ತನೇ ಒಂದು ಭಾಗ ಸುಮಾರಾಗಿ ಸರಿಹೋಗುತ್ತದೆ. ಎಂಟು ಗಂಟೆಯಾದರೂ ಬೇಕು, ಕೊನೆಯ ಸ್ವಲ್ಪ ತುಂಬುವುದು ಇನ್ನೂ ನಿಧಾನ. ಲೀಥಿಯಂ ಬ್ಯಾಟರಿಯಾಗಿದ್ದರೆ ಅದಕ್ಕೇ ಮಾಡಿದ ಚಾರ್ಜರ್ ಬೇಕು, ಅದನ್ನೊಂದು ನೋಡಿಕೊಳ್ಳಿ.

ಕ್ಲಿಪ್ ತೆಗೆದ ತಕ್ಷಣ ಅಳೆಯಬೇಡಿ, ಸುಮ್ನೆ ಜಾಸ್ತಿ ತೋರಿಸುತ್ತದೆ. ಕೆಲವು ಗಂಟೆ ಬಿಟ್ಟು ನೋಡಿ, 12.6 ಅಥವಾ ಮೇಲೆ ಇರಬೇಕು. ಕಾರಿನ ಮೈನಸ್ ತಂತಿ ಬಿಚ್ಚಿಟ್ಟರೂ ಮರುದಿನ 12.2ಕ್ಕೆ ಇಳಿದಿದ್ದರೆ ಬ್ಯಾಟರಿಯದೇ ದೋಷ. ತಂತಿ ಹಾಕಿದಾಗ ಮಾತ್ರ ಇಳಿಯುತ್ತದೆ ಅಂದರೆ ಕಾರಿನೊಳಗೆ ಏನೋ ಕರೆಂಟು ಎಳೆಯುತ್ತಿದೆ, ಆಗ ಎಲೆಕ್ಟ್ರಿಷಿಯನ್‌ಗೆ ತೋರಿಸಿ.