ಚಿಕಾಗೋ ಬಾವುಟ, ತಾತನ ಫೋಟೋ

ದೊಡ್ಡಪ್ಪ (ಫಾರ್ವರ್ಡ್): ಪ್ರತಿಯೊಬ್ಬ ಭಾರತೀಯನೂ ಹೆಮ್ಮೆಪಡಬೇಕಾದ ವಿಷಯ! ಚಿಕಾಗೋ ನಗರದ ಬಾವುಟದ ಒಂದು ನಕ್ಷತ್ರ ಸ್ವಾಮಿ ವಿವೇಕಾನಂದರ ನೆನಪಿಗೆ! ಹತ್ತು ಜನಕ್ಕೆ ಕಳಿಸಿ 🙏🙏

ಮೈಸೂರು ಅತ್ತೆ: ಓದಿ ಕಣ್ಣು ತುಂಬಿ ಬಂತು ಅಣ್ಣ. ಆರು ಮೂಲೆ ಬೇರೆ ಇದೆ, ನಮ್ಮ ಷಟ್ಕೋಣ.

ತಂಗಿ: ಎಲ್ಲಿ ಬರೆದಿದೆ ದೊಡ್ಡಪ್ಪ? ಲಿಂಕ್ ಹಾಕಿ.

ದೊಡ್ಡಪ್ಪ: ಎಲ್ಲದಕ್ಕೂ ಲಿಂಕ್ ಕೇಳ್ತೀಯಲ್ಲಮ್ಮ. ಹಿರಿಯರ ಮಾತು ಒಂದ್ಸಲವಾದ್ರೂ ನಂಬೋದು ಕಲೀರಿ.

ತಂಗಿ: ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೋ ಪ್ರಶಸ್ತಿ ಅಂತ ಕಳಿಸಿದ್ದೂ ನೀವೇ.

ಅಪ್ಪ: ಪುಟ್ಟಿ, ದೊಡ್ಡಪ್ಪನ ಹತ್ರ ಹಾಗೆಲ್ಲ ಮಾತಾಡಬಾರದು.

ಹಾಸನದ ಭಾವ: ತಾತನ ಮನೆ ನಡುಮನೇಲಿ ಸ್ವಾಮೀಜಿ ಫೋಟೋ ಇತ್ತಲ್ಲ, ಕೈಕಟ್ಟಿ ನಿಂತಿರೋದು? ಅದರ ಕೆಳಗೇ ಅಲ್ವಾ ನಾವು ರಜದಲ್ಲಿ ಚೌಕಾಬಾರ ಆಡ್ತಿದ್ದಿದ್ದು. ಈಗ ಎಲ್ಲಿದೆ ಅದು?

ಮೈಸೂರು ಅತ್ತೆ: ಯಾರು ತಗೊಂಡು ಹೋದ್ರು ಅಂತ ಎಲ್ಲರಿಗೂ ಗೊತ್ತು.

ದೊಡ್ಡಪ್ಪ: ಅಪ್ಪ ನನ್ನ ಕೈಗೇ ಕೊಟ್ಟಿದ್ದು. ಇಪ್ಪತ್ತು ವರ್ಷ ಆಯ್ತು, ಇನ್ನೂ ಅದನ್ನೇ ಎತ್ತಾಡ್ತೀರ.

ಚಿಕಾಗೋ ಅಣ್ಣ: ಈಗ ಎದ್ದೆ. ಅಪ್ಪ, ಬಾವುಟದಲ್ಲಿ ನಾಲ್ಕು ಕೆಂಪು ನಕ್ಷತ್ರ ಇವೆ. 1917ರಲ್ಲಿ ವ್ಯಾಲೇಸ್ ರೈಸ್ ಅನ್ನೋರು ಬಾವುಟದ ವಿನ್ಯಾಸ ಮಾಡಿದಾಗ ಇದ್ದಿದ್ದು ಎರಡೇ: ಊರು ಸುಟ್ಟ 1871ರ ಬೆಂಕಿಗೊಂದು, 1893ರ ವಿಶ್ವ ಪ್ರದರ್ಶನಕ್ಕೊಂದು. 1933ರ ಪ್ರದರ್ಶನಕ್ಕೆ ಇನ್ನೊಂದು ಬಂತು, 1939ರಲ್ಲಿ ಊರಿನ ಹಳೇ ಡಿಯರ್‌ಬಾರ್ನ್ ಕೋಟೆಗೆ ಮತ್ತೊಂದು. ಐದು ಮೂಲೆಯದು ದೇಶ-ರಾಜ್ಯಗಳ ಗುರುತು ಅಂತ ರೈಸ್ ಆರು ಮಾಡಿದ್ದು ಅತ್ತೆ.

ತಂಗಿ: ಅಂದ್ರೆ ಸುಳ್ಳು.

ಚಿಕಾಗೋ ಅಣ್ಣ: ಪೂರ್ತಿ ಅಲ್ಲ. ಸ್ವಾಮೀಜಿ ಮಾತಾಡಿದ ಸರ್ವಧರ್ಮ ಸಮ್ಮೇಳನ ಆ 1893ರ ಪ್ರದರ್ಶನದ ಅಂಗವಾಗೇ ನಡೆದಿದ್ದು. ನಕ್ಷತ್ರ ಮಾತ್ರ ಪ್ರದರ್ಶನದ್ದು.

ದೊಡ್ಡಪ್ಪ: ನಾನು ಹೇಳಿದ್ದೂ ಅದೇ. ಮೂಲೆ ಮೂಲೆಗೂ ಅರ್ಥ ಇದೆಯಂತೆ, ಅದರಲ್ಲಿ ಧರ್ಮವೂ ಇದೆ.

ಚಿಕಾಗೋ ಅಣ್ಣ: ಧರ್ಮ ಇರೋದು ಬೆಂಕಿಯ ನಕ್ಷತ್ರದಲ್ಲಿ. 1893ರದ್ದರಲ್ಲಿ ಅಲ್ಲ. ಸಮ್ಮೇಳನ ನಡೆದ ಕಟ್ಟಡ ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್. ಅದರ ಮುಂದೆ ಸ್ವಾಮೀಜಿ ಹೆಸರಿನ ರಸ್ತೆ ಬೋರ್ಡಿಗೆ ನೀವು ಕೈಮುಗಿದು ನಿಂತಿದ್ರಿ, ನೆನಪಿಲ್ವಾ? ತಾತನ ಫೋಟೋನೂ ಅಷ್ಟೇ, ಆ ಭಂಗಿ ಇಲ್ಲೇ ತೆಗೆದದ್ದು.

ಮೈಸೂರು ಅತ್ತೆ: ನೋಡಿದ್ರಾ, ಅಂಥಾ ಫೋಟೋ ಅಟ್ಟದ ಮೇಲಿದೆ.

ದೊಡ್ಡಪ್ಪ: ಅಟ್ಟದಲ್ಲಿಲ್ಲ, ದೇವರ ಮನೇಲಿದೆ. ದಿನಾ ಹೂ ಇಡ್ತೀನಿ. ಬಂದು ನೋಡು.

ಮೈಸೂರು ಅತ್ತೆ: ಭಾನುವಾರ ಬರ್ತೀನಿ.