ಲಾಸ್ ವೇಗಸ್‌ನ ಹೊಸ ಬೇಸ್‌ಬಾಲ್ ಮೈದಾನ: ಮುಂಗಡ ಕಟ್ಟಬೇಕೆಂದಿದ್ದೇನೆ, ಅನುಭವಸ್ಥರು ತಿಳಿಸಿ

ಹೆಂಡರ್ಸನ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ಟ್ರಾಪಿಕಾನಾ ಹೋಟೆಲ್ ಇದ್ದ ಜಾಗದಲ್ಲಿ, ಓಕ್ಲೆಂಡ್ ಬಿಟ್ಟುಬಂದ ಅಥ್ಲೆಟಿಕ್ಸ್ ತಂಡಕ್ಕೆಂದು ಕಟ್ಟುತ್ತಿರುವ ಮೈದಾನ 2028ಕ್ಕೆ ತೆರೆಯಬೇಕು. 33,000 ಜನರಿಗೆ ಸ್ಥಳ, ಒಂದರ ಮೇಲೊಂದು ಹೊದಿಸಿದ ಐದು ಕಮಾನುಗಳ ಸ್ಥಿರ ಛಾವಣಿ, ಔಟ್‌ಫೀಲ್ಡ್‌ನ, ಅಂದರೆ ಅಂಗಳದ ದೂರದ ತುದಿಯ, ಹಿಂದೆ ಉತ್ತರಕ್ಕೆ ಮುಖ ಮಾಡಿದ ಭಾರಿ ಗಾಜಿನ ಗೋಡೆ. ಈಗ ನಾವು ಸಮರ್ಲಿನ್‌ನ ಸಣ್ಣ ಬಯಲು ಮೈದಾನಕ್ಕೆ ಹೋಗುತ್ತೇವೆ. ಜುಲೈ ತಿಂಗಳಲ್ಲಿ ಮಕ್ಕಳು ಮೂರನೇ ಇನಿಂಗ್‌ಗೇ ಮನೆಗೆ ಹೋಗೋಣ ಎನ್ನುತ್ತಾರೆ. ಸೀಸನ್ ಟಿಕೆಟ್‌ಗೆ ಮುಂಗಡ ಕಟ್ಟುವ ಯೋಚನೆ ಇದೆ. ತಂದೆಯವರು ಜೊತೆಗಿದ್ದಾರೆ, ಮಂಡಿನೋವು, ಮೆಟ್ಟಿಲು ಹತ್ತಲಾರರು. ಹೋಮ್ ಪ್ಲೇಟ್ (ಬ್ಯಾಟ್ ಬೀಸುವ ಮೂಲೆ) ಹಿಂದಿನಿಂದ ನೋಡಿದರೆ ಬಲಗಡೆಯ ಮೊದಲ ಬೇಸ್ ಬದಿ ಒಳ್ಳೆಯದೋ, ಎಡಗಡೆಯ ಮೂರನೇ ಬೇಸ್ ಬದಿಯೋ? ವಿನ್ಯಾಸದಲ್ಲಿ ಯಾವುದನ್ನು ನಂಬಬಹುದು, ಯಾವುದನ್ನು ನಂಬಬಾರದು? ಹೊಸ ಮೈದಾನ ಕಂಡ ಊರುಗಳವರು ದಯವಿಟ್ಟು ಹೇಳಿ.

ಹಸಿರು ಟೋಪಿ, ಫ್ರೀಮಾಂಟ್:

ನಂಬಬಾರದ್ದು ಚಿತ್ರವನ್ನು. ಇದೇ ತಂಡದ ಹೊಸ ಮೈದಾನಗಳ ಚಿತ್ರಗಳು ನನ್ನ ಬಳಿ ಒಂದು ಕಡತದ ತುಂಬ ಇವೆ, ಒಂದೂ ನೆಲ ಮುಟ್ಟಲಿಲ್ಲ. 2006ರಲ್ಲಿ ನಮ್ಮ ಫ್ರೀಮಾಂಟ್‌ನಲ್ಲೇ ಸಿಸ್ಕೋ ಫೀಲ್ಡ್ ಕಟ್ಟುತ್ತೇವೆ ಎಂದರು. ಮರುವರ್ಷ ನಾವು ಮನೆ ಹುಡುಕುತ್ತಿದ್ದೆವು. ದಲ್ಲಾಳಿ ಆ ಚಿತ್ರವನ್ನೇ ಮೇಜಿನ ಮೇಲೆ ಹರಡಿ, ಇಲ್ಲಿಂದ ಪಂದ್ಯಕ್ಕೆ ನಡೆದೇ ಹೋಗಬಹುದು ಎಂದ. ಬೆಲೆ 7,42,000 ಡಾಲರ್. ಪಕ್ಕದ ಬಡಾವಣೆಯಲ್ಲಿ ಅಷ್ಟೇ ಕೋಣೆಗಳ, ಅಷ್ಟೇ ಹಿತ್ತಲಿನ ಮನೆ 7,07,000ಕ್ಕೆ ಸಿಗುತ್ತಿತ್ತು. ಮೇಲಿನ 35,000 ಮೈದಾನದ ಹೆಸರಿನಲ್ಲಿ ಕೊಟ್ಟದ್ದು. 2009ರ ಫೆಬ್ರುವರಿಯಲ್ಲಿ ಯೋಜನೆ ಕೈಬಿಟ್ಟರು. ಅಷ್ಟರಲ್ಲಿ ಮನೆಯ ಬೆಲೆ ಸಾಲಕ್ಕಿಂತ ಕೆಳಗೆ ಇಳಿದಿತ್ತು, ಮರುಸಾಲಕ್ಕೆ ಹೋದರೆ ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸಿದರು. ಆ 35,000ಕ್ಕೆ ಬಡ್ಡಿ ಎಷ್ಟಾಯಿತು ಎಂದು ನನ್ನ ಹೆಂಡತಿ ಪ್ರತಿ ಯುಗಾದಿಗೆ ಲೆಕ್ಕ ಹಾಕಿ ತೋರಿಸುತ್ತಾಳೆ.

ಆಮೇಲೆ ಸ್ಯಾನ್ ಹೋಸೆಯ ಚಿತ್ರ ಬಂತು. 2017ರಲ್ಲಿ ಓಕ್ಲೆಂಡ್‌ನ ಲೇನಿ ಕಾಲೇಜಿನ ಪಕ್ಕದ ಜಾಗ ಎಂದರು, ಆ ವರ್ಷ ಮುಗಿಯುವ ಮೊದಲೇ ಕಾಲೇಜಿನವರು ಒಲ್ಲೆ ಎಂದರು. 2018ರಲ್ಲಿ ಹೋವರ್ಡ್ ಟರ್ಮಿನಲ್: ಓಕ್ಲೆಂಡ್ ಬಂದರಿನ ಅಂಚಿನಲ್ಲಿ 55 ಎಕರೆ, ಛಾವಣಿಯ ಮೇಲೆ ಜನ ಅಡ್ಡಾಡುವ ಉದ್ಯಾನ. ಅದನ್ನು ಬಿಡಿಸಿದ್ದು ಈಗ ನಿಮಗೆ ಐದು ಕಮಾನು ಬಿಡಿಸಿಕೊಟ್ಟಿರುವ ಬ್ಯಾರ್ಕೆ ಇಂಗೆಲ್ಸ್ ವಾಸ್ತುಶಿಲ್ಪ ಸಂಸ್ಥೆಯೇ. ಉದ್ಯಾನ ಎಲ್ಲಿ ಹೋಯಿತು?

ತಂಡ ಓಕ್ಲೆಂಡ್‌ನಲ್ಲಿ ಆಡುತ್ತಿದ್ದ ಹಳೆಯ ಕೋಲಿಸಿಯಂ ಚೆನ್ನಾಗಿತ್ತು ಎನ್ನುತ್ತಿಲ್ಲ. 2013ರಲ್ಲಿ ಆಟಗಾರರ ಕೋಣೆಗೆ ಚರಂಡಿ ನೀರು ನುಗ್ಗಿತ್ತು. 1996ರಲ್ಲಿ ಫುಟ್‌ಬಾಲ್ ತಂಡವನ್ನು ಒಲಿಸಿಕೊಳ್ಳಲು ಎಬ್ಬಿಸಿದ ಮೌಂಟ್ ಡೇವಿಸ್ ಎಂಬ ಕಾಂಕ್ರೀಟ್ ಗೋಡೆ ಬೆಟ್ಟದ ನೋಟವನ್ನೇ ನುಂಗಿತು; ಆ ಫುಟ್‌ಬಾಲ್ ತಂಡವೂ ಈಗ ನಿಮ್ಮ ಊರಿನಲ್ಲೇ ಇದೆ. ಆದರೆ ರೈಲು ಇಳಿದರೆ ಸೇತುವೆ, ಸೇತುವೆ ಇಳಿದರೆ ಗೇಟು. 2024ರ ಸೆಪ್ಟೆಂಬರ್ 26ರ ಕೊನೆಯ ಪಂದ್ಯಕ್ಕೆ 46,889 ಜನ ಬಂದಿದ್ದರು. ಬಂದವರಿಗೆಲ್ಲ ಸ್ಥಳವಿತ್ತು. ನಿಮ್ಮ 33,000ದಲ್ಲಿ ಊರವರಿಗೆ ಎಷ್ಟು ಉಳಿಯುತ್ತದೋ ನೋಡಿ.

ಕೊಲ್ಲಿಯಂಚಿನ ಆಸನ, ಸ್ಯಾನ್ ಮಟೇಯೊ:

ಕಟ್ಟದ ಮೈದಾನದ ದುಃಖ ಅರ್ಥವಾಗುತ್ತದೆ, ಆದರೆ ಹೆಂಡರ್ಸನ್ ಅವರು ಕೇಳಿದ್ದು ಕಟ್ಟುತ್ತಿರುವ ಮೈದಾನದ ವಿಷಯ. ನಾನು 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಜೈಂಟ್ಸ್ ತಂಡದ ಹೊಸ ಮೈದಾನದಲ್ಲಿ ಎರಡು ಆಸನಗಳ ಹಕ್ಕುಪತ್ರ ಕೊಂಡವನು. ಎರಡಕ್ಕೆ 6,000 ಡಾಲರ್, ಅದು ಹಕ್ಕಿಗೆ ಮಾತ್ರ; ಟಿಕೆಟ್ ಪ್ರತಿ ವರ್ಷ ಬೇರೆ. ಆಗ ನನ್ನ ಕೆಲಸದ ವೀಸಾ ಮುಗಿಯಲು ಬಂದಿತ್ತು, ಊರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು. ಅಪ್ಪ ಫೋನಿನಲ್ಲಿ, ಕುರ್ಚಿಗೆ ದುಡ್ಡು ಕೊಡುತ್ತಾರೆಯೇ, ಅದೂ ಮನೆಗೆ ತರಲಾಗದ ಕುರ್ಚಿಗೆ ಎಂದರು. ಕೊಟ್ಟೆ. ಅಷ್ಟು ಹತ್ತಿರದಿಂದ ನೀರು ಕಾಣುವ ಆಸನ ಈ ದೇಶದಲ್ಲಿ ಇನ್ನೊಂದಿಲ್ಲ.

ವಿನ್ಯಾಸ ಎಂದರೆ ಹೇಗಿರಬೇಕು ಎನ್ನುವುದಕ್ಕೆ ಅದನ್ನು ನೋಡಬೇಕು. ಜೈಂಟ್ಸ್‌ನ ಹಳೆಯ ಮೈದಾನ ಕ್ಯಾಂಡಲ್‌ಸ್ಟಿಕ್‌ನ ಗಾಳಿಯಲ್ಲಿ ನಡುಗಿದವರು ನಾವು. ಹೊಸದನ್ನು ಕಟ್ಟುವ ಮೊದಲು ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ಪರೀಕ್ಷಿಸಿ, ಮೈದಾನದ ದಿಕ್ಕನ್ನೇ ತಿರುಗಿಸಿದರು. ಬಲಗಡೆ ಜಾಗ ಸಾಲದೆ, ಅಂಗಳದ ಅಂಚು ತೋರಿಸುವ ಫೌಲ್ ಕಂಬ ಹೋಮ್ ಪ್ಲೇಟ್‌ನಿಂದ 309 ಅಡಿಗೇ ಬಂತು. ಅದಕ್ಕೆ 24 ಅಡಿಯ ಗೋಡೆ ಎಬ್ಬಿಸಿದರು, ನಮ್ಮ ತಂಡದ ದಿಗ್ಗಜ ವಿಲ್ಲಿ ಮೇಸ್ ಅವರ ಅಂಗಿಯ ಸಂಖ್ಯೆ 24. ಕೊರತೆಯನ್ನೇ ಅಂದವಾಗಿಸಿದ್ದಾರೆ. ಅದೂ ಖಾಸಗಿ ಹಣದಲ್ಲಿ. ನಿಮ್ಮ ನೆವಾಡಾ ರಾಜ್ಯ ಕೊಡುತ್ತಿರುವ ಹಾಗೆ 38 ಕೋಟಿ ಡಾಲರ್ ಸಾರ್ವಜನಿಕರ ಹಣವನ್ನು ಯಾರೂ ಸುರಿಯಲಿಲ್ಲ.

ಹಸಿರು ಟೋಪಿ, ಫ್ರೀಮಾಂಟ್:

ಖಾಸಗಿ ಹಣದ ಮಾತು ಸರಿ. ಸ್ಯಾನ್ ಹೋಸೆಯ ಮಾತನ್ನೂ ಆಡಿ. ಆ ಊರಿರುವ ಸಾಂತಾ ಕ್ಲಾರಾ ಕೌಂಟಿ (ಜಿಲ್ಲೆ) ನಮ್ಮದು ಎಂದು ಅಡ್ಡ ಕುಳಿತದ್ದು ನಿಮ್ಮ ತಂಡ. ಅದನ್ನು ನಿಮಗೆ 1990ರಲ್ಲಿ ಬಿಡಿಗಾಸೂ ಪಡೆಯದೆ ಬಿಟ್ಟುಕೊಟ್ಟದ್ದು ಆಗ ಅಥ್ಲೆಟಿಕ್ಸ್ ಮಾಲೀಕರಾಗಿದ್ದ ವಾಲ್ಟರ್ ಹಾಸ್. ಸ್ಯಾನ್ ಹೋಸೆ ನಗರದವರು ಬೇಸ್‌ಬಾಲ್ ಲೀಗ್ ಮೇಲೆ ಮೊಕದ್ದಮೆ ಹೂಡಿದರು, 2015ರಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ. ಉಪಕಾರ ಮಾಡಿದವನ ಮನೆಗೇ ಬೀಗ ಹಾಕಿದವರು ಈಗ ಬಂದು ಗೋಡೆಯ ಎತ್ತರ ವರ್ಣಿಸುತ್ತೀರಿ.

ಕೊಲ್ಲಿಯಂಚಿನ ಆಸನ, ಸ್ಯಾನ್ ಮಟೇಯೊ:

ಕಾಗದದ ಮೇಲೆ ಬರೆದುಕೊಟ್ಟ ಮೇಲೆ ಅದು ಹಕ್ಕು. ಹಾಸ್ ಅವರು ದೊಡ್ಡ ಮನುಷ್ಯರು, ಅನಂತರ ಬಂದ ಮಾಲೀಕರು ಅವರ ಹಾಗಿರಲಿಲ್ಲ. ಆ ಸಿಟ್ಟನ್ನು ನನ್ನ ಕುರ್ಚಿಯ ಮೇಲೆ ತೀರಿಸಬೇಡಿ.

ಆರ್ಲಿಂಗ್ಟನ್ ರಾವ್:

ಸಾರ್ವಜನಿಕರ ಹಣ ಎಂದು ಮೂಗು ಮುರಿಯುವವರಿಗೆ ಹೇಳುತ್ತೇನೆ. ಟೆಕ್ಸಸ್‌ನ ನಮ್ಮ ಆರ್ಲಿಂಗ್ಟನ್‌ನಲ್ಲಿ ರೇಂಜರ್ಸ್ ತಂಡದ ಹೊಸ ಮೈದಾನಕ್ಕೆ 2016ರ ನವೆಂಬರ್‌ನಲ್ಲಿ ಹೌದು ಎಂದು ಮತ ಹಾಕಿದ್ದೇನೆ, ಇವತ್ತು ಕೇಳಿದರೂ ಹಾಕುತ್ತೇನೆ. ನಗರದ ಪಾಲು 50 ಕೋಟಿ ಡಾಲರ್‌ವರೆಗೆ. ನಮ್ಮ ಹಳೆಯ ಮೈದಾನ 1994ರದ್ದು, ಇಟ್ಟಿಗೆಯದು, ನೋಡಲು ಬಲು ಚೆಂದ. 26 ಋತುಗಳಿಗೇ ಬಿಟ್ಟರು ಎಂದು ಅತ್ತವರು ಆಗಸ್ಟ್ ತಿಂಗಳ ಮಧ್ಯಾಹ್ನ ಅಲ್ಲಿ ಕುಳಿತವರಲ್ಲ. ನನ್ನ ಅತ್ತೆ ಮೈಸೂರಿನಿಂದ ಬಂದಿದ್ದಾಗ ಕರೆದುಕೊಂಡು ಹೋಗಿದ್ದೆ. ಐದನೇ ಇನಿಂಗ್‌ನಲ್ಲಿ ತಲೆ ತಿರುಗಿ ಕುಸಿದರು. ತುರ್ತು ಚಿಕಿತ್ಸೆ, ಎರಡು ಬಾಟಲಿ ಸಲೈನ್, ಪ್ರವಾಸಿ ವಿಮೆಯವರು ಹಳೆಯ ರಕ್ತದೊತ್ತಡದ ನೆಪ ಹೇಳಿ ತಳ್ಳಿಹಾಕಿದರು: 3,860 ಡಾಲರ್ ನನ್ನ ಜೇಬಿನಿಂದ. ಆಂಬುಲೆನ್ಸ್ ಬಿಲ್ಲು ನಾಲ್ಕು ತಿಂಗಳಾದ ಮೇಲೆ ಬೇರೆ ಬಂತು, 1,140. ಅದರಲ್ಲಿ ಮೈಲಿಗೆ ಇಷ್ಟು ಎಂದು ಲೆಕ್ಕ; ಆಸ್ಪತ್ರೆ ಇದ್ದದ್ದು ಅಲ್ಲೇ ಹತ್ತಿರದಲ್ಲಿ.

2020ರಲ್ಲಿ ಹೊಸದು ತೆರೆಯಿತು. ಹೊರಗಿನಿಂದ ನೋಡಿದರೆ ಗೋದಾಮು ಎಂದು ಹಂಗಿಸಿದರು. ಹಂಗಿಸಲಿ. ಒಳಗೆ ತಂಪು. ಛಾವಣಿ ತೆರೆಯುತ್ತದೆ, ಮುಚ್ಚುತ್ತದೆ. ಹುಲ್ಲು ಕೃತಕ, ಅದೊಂದು ಕೊರಗು ಇದೆ. 2023ರಲ್ಲಿ ಮೊದಲ ಬಾರಿಗೆ ವಿಶ್ವ ಸರಣಿ ಗೆದ್ದೆವು. ಸ್ಥಿರ ಛಾವಣಿ ಎಂದರೆ ಏಪ್ರಿಲ್ ಸಂಜೆಯ ಆಕಾಶವನ್ನು ಶಾಶ್ವತವಾಗಿ ಬಿಟ್ಟುಕೊಟ್ಟ ಹಾಗೆ. ತೆರೆಯುವ ಛಾವಣಿ ಬೇಕೆಂದು ಅಭಿಮಾನಿಗಳು ಪಟ್ಟು ಹಿಡಿಯಬೇಕಿತ್ತು.

ಚಾಂಡ್ಲರ್ ವಸುಧಾ:

ರಾವ್ ಅವರೇ, ನಿಮ್ಮದು ಇನ್ನೂ ಹೊಸದು, ಸ್ವಲ್ಪ ವರ್ಷ ಹೋಗಲಿ. ಫೀನಿಕ್ಸ್‌ನ ನಮ್ಮ ಮೈದಾನ 1998ರದ್ದು. ಛಾವಣಿ ತೆರೆಯುವುದನ್ನು ನೋಡಲೆಂದೇ ನೆಂಟರನ್ನು ಕರೆದುಕೊಂಡು ಹೋಗುತ್ತಿದ್ದೆವು. ಕೇಬಲ್‌ಗಳು ಸವೆದು, ಜನ ಒಳಗೆ ಇರುವಾಗ ಅದನ್ನು ಅಲುಗಾಡಿಸುವಂತಿಲ್ಲ ಎಂಬ ಸ್ಥಿತಿಗೆ ಬಂತು. ಸೆಕೆಯ ದಿನಗಳಲ್ಲಿ ತಂಪು ಮಾಡುವ ಯಂತ್ರಗಳೂ ಕೈಕೊಟ್ಟಿವೆ. 2019ರಲ್ಲಿ ನಿಜವಾದ ಹುಲ್ಲು ಕಿತ್ತು ಕೃತಕ ಹಾಸಿದರು. 2025ರಲ್ಲಿ ದುರಸ್ತಿಗೆಂದು 50 ಕೋಟಿ ಡಾಲರ್‌ವರೆಗೆ ಕೊಡುವ ಕಾನೂನನ್ನು ರಾಜ್ಯ ಮಾಡಿತು. ಚಲಿಸುವ ಭಾಗಗಳು ಎಷ್ಟು ಕಡಿಮೆಯೋ ಅಷ್ಟು ಕ್ಷೇಮ. 2024ರ ಜುಲೈ 7ರಂದು ಲಾಸ್ ವೇಗಸ್‌ನಲ್ಲಿ 120 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಆ ಊರಿಗೆ ಆಕಾಶ ಬೇಕಾಗಿಲ್ಲ. ಆಸನಗಳ ಕೆಳಗಿನಿಂದ ತಂಪು ಗಾಳಿ ಬಿಡುತ್ತಾರಂತೆ. ಇಡೀ ಗುಮ್ಮಟವನ್ನು ತಂಪು ಮಾಡುವುದಕ್ಕಿಂತ ಅದು ಜಾಣತನ.

ಆರ್ಲಿಂಗ್ಟನ್ ರಾವ್:

ನಿಮ್ಮ ಊರಿನಲ್ಲಿ ನಿರ್ವಹಣೆ ಮಾಡಲಿಲ್ಲ ಎಂದರೆ ಅದು ಛಾವಣಿಯ ದೋಷವೇ?

ಚಾಂಡ್ಲರ್ ವಸುಧಾ:

ನಿರ್ವಹಣೆ ಯಾರ ಹೊಣೆ ಎಂಬುದರ ಮೇಲೇ ತಂಡಕ್ಕೂ ಕೌಂಟಿಗೂ ಕೋರ್ಟಿನವರೆಗೆ ಹೋಗಿತ್ತು. ಕಟ್ಟುವಾಗ ಎಲ್ಲರೂ ಫೋಟೊದಲ್ಲಿ ಇರುತ್ತಾರೆ.

ಟ್ಯಾಂಪಾ ಶೆಣೈ:

ಸ್ಥಿರ ಛಾವಣಿ ಎಂದರೆ ಕ್ಷೇಮ ಎನ್ನುವ ಮೇಡಂ, ನಮ್ಮ ಕಡೆ ನೋಡಿ. 2024ರ ಅಕ್ಟೋಬರ್ 9. ಆ ದಿನ ನಸುಕಿನಲ್ಲಿ ಲಾಸ್ ವೇಗಸ್‌ನಲ್ಲಿ ಟ್ರಾಪಿಕಾನಾ ಹೋಟೆಲನ್ನು ಸ್ಫೋಟಿಸಿ ಉರುಳಿಸಿದರು. ಅದೇ ದಿನ ರಾತ್ರಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಿಲ್ಟನ್ ಚಂಡಮಾರುತ ನಮ್ಮ ಟ್ರಾಪಿಕಾನಾ ಫೀಲ್ಡ್‌ನ ಛಾವಣಿಯ ಬಟ್ಟೆಯನ್ನು ಹರಿದುಹಾಕಿತು. ಹೆಸರಿನಲ್ಲೇ ಏನೋ ಇದೆ ಎಂದು ನಮ್ಮ ತಾಯಿ ಹೇಳಿದರು. ಗಂಟೆಗೆ 115 ಮೈಲಿ ಗಾಳಿಯನ್ನು ತಡೆಯುವ ಛಾವಣಿ ಎಂದಿದ್ದರು.

ನಮ್ಮ ರೇಸ್ ತಂಡ ಆಡಿದ್ದು 2025ರ ಇಡೀ ಋತು ಸ್ಟೈನ್‌ಬ್ರೆನರ್ ಫೀಲ್ಡ್‌ನಲ್ಲಿ, ಯಾಂಕೀಸ್ ತಂಡದ ವಸಂತ ಶಿಬಿರದ ಬಯಲು ಮೈದಾನದಲ್ಲಿ. ಸುಮಾರು 11,000 ಆಸನ. ಸಂಜೆ ಐದಕ್ಕೆ ಮಳೆ ಹೊಯ್ಯುತ್ತದೆ ಎಂಬುದು ಫ್ಲಾರಿಡಾದ ಹಸುಗೂಸಿಗೂ ಗೊತ್ತು. ನಾನು ಮರುಮಾರಾಟದವನೊಬ್ಬನಿಂದ ನಾಲ್ಕು ಟಿಕೆಟ್ ಕೊಂಡಿದ್ದೆ, ತಲಾ 92 ಡಾಲರ್, ಅವನ ಸೇವಾ ಶುಲ್ಕ ತಲಾ 21. ಮಳೆಯಿಂದ ಪಂದ್ಯ ಮುಂದಕ್ಕೆ ಹೋಯಿತು. ಟಿಕೆಟ್ ಹೊಸ ದಿನಕ್ಕೆ ನಡೆಯುತ್ತದೆ ಎಂದ. ಆ ದಿನ ನಾನು ಕೆಲಸದ ಮೇಲೆ ಷಿಕಾಗೊದಲ್ಲಿ. ಮಾರಲು ಹೋದರೆ ತಲಾ 30 ಬಂತು, ಅದರಲ್ಲೂ ಶುಲ್ಕ ಹಿಡಿದ. ಮನೆಯಲ್ಲಿ ಈಗ ಬೇಸ್‌ಬಾಲ್ ಎಂದರೆ ಹೊಗೆ ಏಳುತ್ತದೆ. 130 ಕೋಟಿ ಡಾಲರ್‌ನ ಹೊಸ ಮೈದಾನದ ಒಪ್ಪಂದವಿತ್ತಲ್ಲ, 2025ರ ಮಾರ್ಚ್‌ನಲ್ಲಿ ಅಂದಿನ ಮಾಲೀಕರು ಹಿಂದೆ ಸರಿದರು.

ಹಾಂ, ಛಾವಣಿ ಎಷ್ಟು ಎತ್ತರ ಎಂದು ಕೇಳಿ. ನಮ್ಮಲ್ಲಿ ಮೇಲೆ ತೂಗುವ ನಡೆದಾರಿಗಳಿಗೆ ಚೆಂಡು ಬಡಿದರೆ ಏನು ತೀರ್ಪು ಎಂದು ಪ್ರತ್ಯೇಕ ನಿಯಮವೇ ಇದೆ.

ಪುಲ್ ಹೊಡೆತ, ಡಬ್ಲಿನ್ ಕ್ಯಾಲಿಫೋರ್ನಿಯಾ:

ಬೇಸ್‌ಬಾಲ್ ಮೈದಾನಗಳಿಗೆ ಇಷ್ಟು ಕಣ್ಣೀರು ಏಕೆ? ಓಕ್ಲೆಂಡ್ ಕೋಲಿಸಿಯಂನಿಂದ ಬೇಸ್‌ಬಾಲ್ ಹೊರಟುಹೋದದ್ದರಿಂದಲೇ 2025ರ ಜೂನ್ 12ರಂದು ನಮಗೆ ಮೇಜರ್ ಲೀಗ್ ಕ್ರಿಕೆಟ್ ಸಿಕ್ಕಿತು. ಫಿನ್ ಆಲೆನ್ 51 ಎಸೆತಗಳಲ್ಲಿ 151, 19 ಸಿಕ್ಸರ್. ಮಕ್ಕಳಿಗೆ ವಿವರಿಸುವ ಕಷ್ಟವೂ ಇಲ್ಲದೆ ನೋಡಿದ ಆಟ.

ಹಸಿರು ಟೋಪಿ, ಫ್ರೀಮಾಂಟ್:

ನಮ್ಮನ್ನು ಮನೆಯಿಂದ ಹೊರಗೆ ಹಾಕಿದ ಮೇಲೆ ನಿಮ್ಮ ಗೃಹಪ್ರವೇಶ. ನಡೆಯಲಿ. ಆ ಜಾಗದಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚಿ, ವಾಹನ ನಿಲ್ದಾಣದಲ್ಲೇ ಡೋಲು ಬಾರಿಸುವವರ ಜೊತೆ ಕುಳಿತು ಉಂಡವರು ನಾವು. ಮನೆಯ ಊಟ ಒಳಗೂ ಒಯ್ಯಬಹುದಿತ್ತು. ಲಾಸ್ ವೇಗಸ್‌ನಲ್ಲಿ 9 ಎಕರೆಯ ಜಾಗ. ಡಬ್ಬಿ ಬಿಚ್ಚಲು ನೆಲ ಎಲ್ಲಿದೆ?

ಕೊಲ್ಲಿಯಂಚಿನ ಆಸನ, ಸ್ಯಾನ್ ಮಟೇಯೊ:

ನಮ್ಮಲ್ಲಿಯೂ ಒಯ್ಯಬಹುದು. ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಇರುವಾಗ ತಣ್ಣನೆಯ ಪುಳಿಯೋಗರೆ ಯಾರಿಗೆ ಬೇಕು ಎನ್ನುವುದು ಬೇರೆ ಮಾತು.

ಹಸಿರು ಟೋಪಿ, ಫ್ರೀಮಾಂಟ್:

ಪುಳಿಯೋಗರೆ ತಣ್ಣಗಾದ ಮೇಲೇ ರುಚಿ. ಇದೂ ಗೊತ್ತಿಲ್ಲದವರ ಜೊತೆ ವಾದವೇನು.

ಮಲ್ಲೇಶ್ವರದಿಂದ:

ಮಗಳ ಮನೆಗೆ ಬಂದಾಗ ಟೆಕ್ಸಸ್‌ನ ಗ್ರ್ಯಾಂಡ್ ಪ್ರೇರಿಯಲ್ಲಿ ಬೇಸ್‌ಬಾಲ್ ಮೈದಾನವನ್ನು ಕ್ರಿಕೆಟ್‌ಗೆ ಬದಲಿಸಿದ್ದನ್ನು ನೋಡಿದ್ದೇನೆ. ಬೇಸ್‌ಬಾಲ್‌ನಲ್ಲಿ ಎಲ್ಲ ಕುರ್ಚಿಗಳೂ ಹೋಮ್ ಪ್ಲೇಟ್ ಇರುವ ಮೂಲೆಯತ್ತ ತಿರುಗಿರಬೇಕು, ಕ್ರಿಕೆಟ್‌ಗೆ ನಟ್ಟನಡುವೆ ಪಿಚ್. ಎರಡಕ್ಕೂ ಒಂದೇ ಅಚ್ಚು ಒಗ್ಗುವುದಿಲ್ಲ. ಅದರ ಜಗಳ ಬಿಡಿ.

ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ನೆಲದಡಿಯಿಂದ ನೀರು ಹೀರುವ ವ್ಯವಸ್ಥೆ ಹಾಕಿದರು, ಛಾವಣಿಯ ಮೇಲೆ ಸೌರಫಲಕ ಅದಕ್ಕೂ ಮೊದಲೇ ಬಂತು. ಲೋಕವೇ ಹೊಗಳಿತು. 2025ರ ಜೂನ್ 4ರಂದು ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಲಾಸ್ ವೇಗಸ್‌ನ ಚಿತ್ರದಲ್ಲಿ ಕಮಾನು ನೋಡಿದೆ, ಗಾಜು ನೋಡಿದೆ. 33,000 ಜನ ಒಂದೇ ಸಲ ಹೊರಬಿದ್ದರೆ ಆ ಜೂಜುಕಟ್ಟೆಗಳ ನಾಲ್ಕು ರಸ್ತೆಯ ಮೂಲೆಯಲ್ಲಿ ಎಲ್ಲಿ ನಿಲ್ಲುತ್ತಾರೆ? ರಸ್ತೆಯ ಮೇಲಿನ ಕಾಲುಸೇತುವೆಗಳು ಸಾಲುತ್ತವೆಯೇ? ಅಭಿಮಾನಿಗಳು ಕೇಳಬೇಕಾದ್ದು ಇದನ್ನು.

ಪುಲ್ ಹೊಡೆತ, ಡಬ್ಲಿನ್ ಕ್ಯಾಲಿಫೋರ್ನಿಯಾ:

ಅಲ್ಲಿ ಆದದ್ದು ವಿಜಯೋತ್ಸವದ ದಿನ, ಪಂದ್ಯದ ದಿನವಲ್ಲ. ಮೈದಾನದ ವಿನ್ಯಾಸಕ್ಕೆ ಏಕೆ ಗಂಟು ಹಾಕುತ್ತೀರಿ?

ಮಲ್ಲೇಶ್ವರದಿಂದ:

ಗೇಟು ವಿನ್ಯಾಸವಲ್ಲದೆ ಇನ್ನೇನು? ನಾನು ಆ ರಸ್ತೆಯಲ್ಲಿ ಜೀವಮಾನವಿಡೀ ಓಡಾಡಿದವನು.

ಹೆಂಡರ್ಸನ್ ನಿವಾಸಿ:

ಎಲ್ಲರಿಗೂ ಧನ್ಯವಾದ. ಮೊದಲ ಬೇಸ್ ಬದಿಯೋ ಮೂರನೆಯದೋ, ಯಾರೂ ಹೇಳಲಿಲ್ಲ.

ಚಾಂಡ್ಲರ್ ವಸುಧಾ:

ಸ್ಥಿರ ಛಾವಣಿ, ಗಾಜು ಉತ್ತರಕ್ಕೆ; ಬಿಸಿಲಿನ ಲೆಕ್ಕದಲ್ಲಿ ಎರಡೂ ಒಂದೇ. ನಿಮ್ಮ ತಂದೆಯವರಿಗೆ ಕೆಳ ಅಂತಸ್ತಿನ ಕೊನೆಯ ಸಾಲು ಕೇಳಿ, ನಡೆಯುವ ದಾರಿಯ ಮಟ್ಟದಲ್ಲೇ ಸಾಮಾನ್ಯವಾಗಿ ಅದು ಇರುತ್ತದೆ, ಮೆಟ್ಟಿಲಿಲ್ಲ. ಗಾಲಿಕುರ್ಚಿ ಸ್ಥಳದ ಪಕ್ಕದ ಜೊತೆಗಾರರ ಆಸನಗಳ ಬಗ್ಗೆಯೂ ವಿಚಾರಿಸಿ. ಶೌಚಾಲಯ ಎಷ್ಟು ದೂರ ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಲು ಹೇಳಿ. ನಾವು ಮಾವನವರಿಗೆ 14ನೇ ಸಾಲಿನಲ್ಲಿ ಒಳ್ಳೆಯ ನೋಟ ಎಂದು 4,600 ಕೊಟ್ಟು ಇಡೀ ಋತುವಿಗೆ ತೆಗೆದುಕೊಂಡಿದ್ದೆವು. ಅವರು ಮೇ ತಿಂಗಳಿನಿಂದ ಮನೆಯ ಟಿ.ವಿ. ಮುಂದೆಯೇ ಕುಳಿತರು.

ಟ್ಯಾಂಪಾ ಶೆಣೈ:

ಮರುಮಾರಾಟದವನಿಂದ ಮಾತ್ರ ಕೊಳ್ಳಬೇಡಿ.

ಕೊಲ್ಲಿಯಂಚಿನ ಆಸನ, ಸ್ಯಾನ್ ಮಟೇಯೊ:

ಮೂರನೇ ಬೇಸ್ ಬದಿ. ನಮ್ಮ ಹಕ್ಕುಪತ್ರ ಅಲ್ಲಿಯದೇ, ಇಪ್ಪತ್ತೈದು ವರ್ಷಗಳ ಮೇಲಾಯಿತು, ಒಂದು ದಿನವೂ ಬೇಸರವಾಗಿಲ್ಲ. ರಾವ್ ಅವರೇ, ನಿಮ್ಮ 50 ಕೋಟಿಯ ಲೆಕ್ಕಕ್ಕೆ ಇನ್ನೂ ಉತ್ತರಿಸಿಲ್ಲ, ಭಾನುವಾರ ಬರೆಯುತ್ತೇನೆ.

ಆರ್ಲಿಂಗ್ಟನ್ ರಾವ್:

ಬರೆಯಿರಿ. ನಿಮ್ಮ ಮೈದಾನದ ನೆಲ ಯಾರದ್ದು, ಬಂದರು ಇಲಾಖೆಯದ್ದೋ ತಂಡದ್ದೋ, ಅದನ್ನೂ ಸೇರಿಸಿ ಬರೆಯಿರಿ.