ಬೀಗ ಒಡೆದ ಕಳವಿಗೆ ಎನ್‌ಸಿ: ಮುಂಬೈ ಠಾಣೆಯಲ್ಲಿ ತೀರ್ಮಾನ ಯಾರದು?

ಪ್ರಶ್ನೆ (ಘಾಟ್ಕೋಪರ್ ಹೋಟೆಲಿಗ):
ಕಳೆದ ತಿಂಗಳು ಒಂದು ರಾತ್ರಿ ನಮ್ಮ ಸಣ್ಣ ಹೋಟೆಲಿನ ಶಟರಿನ ಬೀಗ ಒಡೆದು, ಗಲ್ಲಾ ಪೆಟ್ಟಿಗೆಯಲ್ಲಿದ್ದ 3,800 ರೂಪಾಯಿಯನ್ನು ಯಾರೋ ಒಯ್ದರು. ಬೆಳಗಿನ ಜಾವ ಠಾಣೆಗೆ ಹೋದಾಗ ಕರ್ತವ್ಯದಲ್ಲಿದ್ದವರು, ಮೊತ್ತ ಐದು ಸಾವಿರಕ್ಕಿಂತ ಕಡಿಮೆಯೆಂದು ಹೇಳಿ ಎನ್‌ಸಿ (ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲದ ದೂರಿನ ದಾಖಲೆ) ಬರೆದುಕೊಂಡು ಕಳುಹಿಸಿದರು. ನಾಲ್ಕು ದಿನಗಳ ನಂತರ ಪರಿಚಿತರ ಮಾತಿನಂತೆ ಸೀನಿಯರ್ ಇನ್‌ಸ್ಪೆಕ್ಟರರನ್ನು ಕಂಡೆ. ಅವರು ಅರ್ಧ ಗಂಟೆಯೊಳಗೆ ಎಫ್‌ಐಆರ್ ದಾಖಲು ಮಾಡಿಸಿದರು. ಕುಂದಾಪುರದ ಕಡೆ ನಮಗೆ ಠಾಣೆಯೆಂದರೆ ಎಸ್‌ಐ ಒಬ್ಬರೇ. ಇಲ್ಲಿ ಅಧಿಕಾರಿಗಳೇ ಹತ್ತಾರು ಮಂದಿ. ಒಂದೇ ಠಾಣೆಯಲ್ಲಿ ಒಂದೇ ದೂರಿಗೆ ಎರಡು ಉತ್ತರ ಹೇಗೆ ಬಂತು?

ಉತ್ತರ 1 (ಹವಾಲ್ದಾರರ ಮಗಳು, ವರಳಿ):
ಅಣ್ಣನವರೇ, ನನ್ನ ತಂದೆಯವರು ಅಕ್ಕಲಕೋಟೆ ಕಡೆಯ ಕನ್ನಡಿಗರು. ಮುಂಬೈ ಪೊಲೀಸಿನಲ್ಲಿ ಹವಾಲ್ದಾರರಾಗಿ ನಿವೃತ್ತರಾದರು. ಇಲ್ಲಿ ಠಾಣೆಯ ಹೊಣೆ ಸೀನಿಯರ್ ಪಿಐ, ಅಂದರೆ ನೀವು ಕಂಡ ಸೀನಿಯರ್ ಇನ್‌ಸ್ಪೆಕ್ಟರ್ ಅವರದು. ಅವರ ಕೈಕೆಳಗೆ ಬೇರೆ ಪಿಐಗಳು, ಎಪಿಐಗಳು (ಸಹಾಯಕ ಇನ್‌ಸ್ಪೆಕ್ಟರರು), ಪಿಎಸ್‌ಐಗಳು (ಸಬ್ ಇನ್‌ಸ್ಪೆಕ್ಟರರು) ಇರುತ್ತಾರೆ; ಎಪಿಐ ಎಂಬ ಹುದ್ದೆ ಕರ್ನಾಟಕದಲ್ಲಿಲ್ಲ. ಠಾಣೆಯ ಮೇಲೆ ಎಸಿಪಿ (ಸಹಾಯಕ ಕಮಿಷನರ್), ಅವರ ಮೇಲೆ ವಲಯದ ಡಿಸಿಪಿ (ಉಪ ಕಮಿಷನರ್). ಬೆಳಗಿನ ಜಾವ ನಿಮಗೆ ಸಿಕ್ಕವರು ಆ ಪಾಳಿಯ ಠಾಣೆ ಅಂಮಲದಾರರು (ದೂರು ಬರೆದುಕೊಳ್ಳುವ ಸಿಬ್ಬಂದಿ) ಇಲ್ಲವೇ ಡ್ಯೂಟಿ ಅಧಿಕಾರಿಯಾಗಿರಬೇಕು. ಸ್ಟೇಷನ್ ಡೈರಿ, ಲಾಕಪ್, ವಯರ್ಲೆಸ್ ಸಂದೇಶ, ಆಸ್ಪತ್ರೆಯಿಂದ ಬರುವ ಅಪಘಾತದ ಸುದ್ದಿ ಇವೆಲ್ಲವನ್ನೂ ಒಬ್ಬರೇ ನೋಡುವ ಹೊತ್ತಿನಲ್ಲಿ ಎನ್‌ಸಿ ಸುಲಭದ ದಾರಿ. ಎಫ್‌ಐಆರ್ ಆದರೆ ಪಂಚನಾಮೆ, ತನಿಖೆ, ಚಾರ್ಜ್‌ಶೀಟು ಎಲ್ಲವೂ ಬೆನ್ನಿಗೆ ಬೀಳುತ್ತವೆ. ತಪ್ಪನ್ನು ಸಮರ್ಥಿಸುತ್ತಿಲ್ಲ. ಆದರೆ ತಂದೆಯವರು ಹನ್ನೆರಡು ಗಂಟೆಯ ಪಾಳಿ ಮುಗಿಸಿ, ಗಣಪತಿ ವಿಸರ್ಜನೆಯ ಬಂದೋಬಸ್ತಿಗೆ ಹಾಗೆಯೇ ನಿಂತದ್ದನ್ನು ಕಂಡವಳು ನಾನು. 2016ರಲ್ಲಿ ದತ್ತಾ ಪಡಸಲಗೀಕರ್ ಅವರು ಕಮಿಷನರಾಗಿದ್ದಾಗ ದೇವನಾರ್ ಠಾಣೆಯಲ್ಲಿ ಎಂಟು ಗಂಟೆಯ ಪಾಳಿಯ ಪ್ರಯೋಗ ಆರಂಭವಾಯಿತು. ಆ ಯೋಜನೆಯನ್ನು ರೂಪಿಸಿದವರು ಒಬ್ಬ ಕಾನ್‌ಸ್ಟೇಬಲ್. ಕೆಳಗಿನವರ ಕಷ್ಟ ಮೇಲಿನವರ ಕಿವಿಗೆ ಬಿದ್ದದ್ದು ತಂದೆಯವರಿಗೆ ಅದೊಂದೇ ಬಾರಿ ಕಂಡದ್ದಂತೆ.

ಉತ್ತರ 2 (ಪುಣೆಯ ವಕೀಲ):
ಐದು ಸಾವಿರದ ಮಾತು ಪೂರ್ತಿ ಸುಳ್ಳಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಅಪರಾಧ ಕಾನೂನಿನ ಸಂಹಿತೆಗಳ ಪ್ರಕಾರ, ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಸಾದಾ ಕಳವಿನಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಆದರೆ ನಿಮ್ಮದು ರಾತ್ರಿ ಬೀಗ ಒಡೆದು ಒಳನುಗ್ಗಿದ ಪ್ರಕರಣ. ಅದಕ್ಕೆ ಮೊತ್ತದ ಮಿತಿ ಅನ್ವಯಿಸುವುದಿಲ್ಲ, ಒಂದು ರೂಪಾಯಿಯೂ ಹೋಗದಿದ್ದರೂ ಎಫ್‌ಐಆರ್ ಆಗಬೇಕು. ಠಾಣೆಯಲ್ಲಿ ನಿರಾಕರಿಸಿದರೆ, ಆ ಸಂಹಿತೆಗಳಲ್ಲಿ ಒಂದಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ದೂರನ್ನು ಅಂಚೆಯಲ್ಲಿ ಮೇಲಧಿಕಾರಿಗೆ ಕಳುಹಿಸಬಹುದು. ಮುಂಬೈಯಲ್ಲಿ ಅದು ಡಿಸಿಪಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಎಫ್‌ಐಆರ್ ಪ್ರತಿ ಉಚಿತ. ಪಡೆಯದಿದ್ದರೆ ಕೇಳಿ ಪಡೆಯಿರಿ.

ಉತ್ತರ 3 (ನಿವೃತ್ತ ಬ್ಯಾಂಕ್ ನೌಕರ, ಥಾಣೆ ನಗರ):
ಕಾನೂನು ವಕೀಲರು ಹೇಳಿದಂತೆಯೇ ಇರಬಹುದು, ಆದರೆ ಠಾಣೆಯ ಗುಣ ಅದರ ಮುಖ್ಯಸ್ಥರ ಗುಣ. ಮುಂಬೈ ಹತ್ತಿರದ ಭಿವಂಡಿಯನ್ನು ನೋಡಿ: 1970ರಲ್ಲಿ ಮತ್ತು 1984ರಲ್ಲಿ ಭೀಕರ ಹಿಂದೂ–ಮುಸ್ಲಿಂ ಗಲಭೆ ಕಂಡ ಊರು. 1988ರ ಸುಮಾರಿಗೆ ಅಲ್ಲಿ ಡಿಸಿಪಿಯಾಗಿದ್ದ ಸುರೇಶ್ ಖೋಪಡೆಯವರು ಮೊಹಲ್ಲಾ ಸಮಿತಿಗಳನ್ನು ಕಟ್ಟಿ, ಎರಡೂ ಸಮುದಾಯದವರು ಪೊಲೀಸರೊಂದಿಗೆ ಕುಳಿತು ನೀರು, ಗಟಾರ, ನೆರೆಹೊರೆಯ ಜಗಳಗಳನ್ನು ಮಾತನಾಡುವ ರೂಢಿ ಹಾಕಿದರು. 1992–93ರಲ್ಲಿ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಅಲ್ಲಿನ ಪೇದೆಗೆ ದಿನದ ಕೆಲಸವೆಂದರೆ ಬರೀ ಲಾಠಿ ಹಿಡಿದು ನಿಲ್ಲುವುದಾಗಿರಲಿಲ್ಲ, ಬೀದಿಯ ಒಬ್ಬೊಬ್ಬರ ಹೆಸರನ್ನೂ ತಿಳಿದಿರುವುದಾಗಿತ್ತು. ತೊಡಕೆಂದರೆ ಅಂಥ ಅಧಿಕಾರಿ ವರ್ಗವಾದ ಮೇಲೆ ಅವರ ಪದ್ಧತಿಯೂ ಅವರ ಹಿಂದೆಯೇ ಹೊರಟುಬಿಡುತ್ತದೆ. ಆದ್ದರಿಂದ ಈಗಿನ ಸೀನಿಯರ್ ಅಲ್ಲೇ ಇರುವಾಗ ತನಿಖಾಧಿಕಾರಿಯ ಪರಿಚಯ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ತನಿಖೆಗೆ ಬಂದ ಪಿಎಸ್‌ಐಯವರು ನಿನ್ನೆ ಪಂಚನಾಮೆ ಮಾಡಿದರು. ಪಕ್ಕದ ಹೂವಿನ ಅಂಗಡಿಯವರೂ ಎದುರಿನ ದರ್ಜಿಯೂ ಪಂಚರಾದರು. ಮೊದಲು ಕೇಳಿದ್ದು ಒಡೆದ ಬೀಗವನ್ನು. ಎನ್‌ಸಿ ಬರೆದ ದಿನವೇ ಅದನ್ನು ರದ್ದಿಯವನಿಗೆ ಕೊಟ್ಟುಬಿಟ್ಟಿದ್ದೆ.